ಗುಲಾಬಿ ಬಣ್ಣದ್ದಲ್ಲದ ಗುಲಾಬಿ

ಬೆಳಿಗ್ಗೆ ನಮ್ಮ ಬಾಗಿಲಿಗೆ ಸೊಪ್ಪು ತರುವ ಹೆಂಗಸು ಬುಟ್ಟಿ ಇಳಿಸುತ್ತ, "ಕಶೀ ಆಹೇಸ್ ಆಜೀ?" ಎಂದು ಕೇಳುತ್ತಾಳೆ. ಹೇಗಿದ್ದೀ ಅಜ್ಜಿ, ಎಂದು. ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗಿದ್ದೇನಮ್ಮ ಎಂದು ಹೇಳಿ ಮೆಂತ್ಯದ ಕಟ್ಟನ್ನು ತಿರುಗಿಸಿ ನೋಡುತ್ತಿದ್ದರು. ನನಗೆ ಮಾತ್ರ ಆ 'ಕಶೀ' ಕಿವಿಗೆ ಬಿದ್ದ ಕೂಡಲೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗಾಗುತ್ತದೆ. ಬಲಗೈ ತಾನಾಗಿಯೇ ಸೆರಗಿನೊಳಗೆ ಅಡಗಿಕೊಳ್ಳುತ್ತದೆ. ಈ ಊರಿಗೆ ಬಂದು ಎಷ್ಟೋ ಕಾಲವಾಯಿತು. ಮರಾಠಿಯಲ್ಲಿ ಜಗಳ ಆಡಿ ಗೆಲ್ಲುವಷ್ಟು ಕಲಿತಿದ್ದೇನೆ. ಆದರೂ ಈ ಎರಡಕ್ಷರದ ಮುಂದೆ ನಾನು ಇವತ್ತಿಗೂ ಹತ್ತೊಂಬತ್ತು ವರ್ಷದ ಪೆದ್ದಿ. ಇದಕ್ಕೆಲ್ಲ ಕಾರಣ ಒಂದು ಗುಲಾಬಿ ಗಿಡ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದ ನಾನು ಘಾಟ್ಕೋಪರದ ಒಂದು ಬಿಲ್ಡಿಂಗಿನ ಕೆಳಗಿನ ಅಂತಸ್ತಿನಲ್ಲಿ ಒಂದೂವರೆ ಕೋಣೆಯ ಒಡತಿಯಾಗಿದ್ದೆ. ಅಡುಗೆಮನೆಯೇ ಆ ಅರ್ಧ ಕೋಣೆ. ಅದರ ಹಿಂಬಾಗಿಲು ತೆರೆದರೆ ಕಾಂಪೌಂಡ್ ಗೋಡೆಯ ತನಕ ನಾಲ್ಕು ಹೆಜ್ಜೆ ಮಣ್ಣು. ನಮ್ಮವರು ಅದನ್ನು 'ಗಾರ್ಡನ್' ಎನ್ನುತ್ತಿದ್ದರು. ನನಗೋ ಒಳಗೊಳಗೇ ನಗು. ನಮ್ಮೂರಲ್ಲಿ ಅಷ್ಟು ಜಾಗದಲ್ಲಿ ಬಸಳೆ ಚಪ್ಪರ ಕೂಡ ಹಾಕುವುದಿಲ್ಲ.

ನಮ್ಮವರು ಎಂದರೆ ನನ್ನ ಯಜಮಾನರು. ವಿಕ್ರೋಳಿಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಟೈಪ್ ಹೊಡೆಯುವ ಕೆಲಸ. ಹಗಲೆಲ್ಲ ಬೇರೆಯವರ ಮಾತನ್ನು ಟೈಪ್ ಮಾಡಿ ಮಾಡಿ ಅವರಲ್ಲಿ ಸ್ವಂತದ ಮಾತು ಉಳಿಯುತ್ತಲೇ ಇರಲಿಲ್ಲವೋ ಏನೋ, ಮನೆಯಲ್ಲಿ ಬಾಯಿ ಬಿಡುತ್ತಿದ್ದುದು ಊಟಕ್ಕೆ ಮಾತ್ರ. "ಉಪ್ಪು ಸಾಕಾ?" ಎಂದರೆ "ಹ್ಞೂಂ." "ಇನ್ನೂ ಸ್ವಲ್ಪ ಹಾಕ್ಲಾ?" ಎಂದರೆ "ಹ್ಞೂಂಹ್ಞೂಂ." ಮದುವೆಯಾಗಿ ಏಳು ತಿಂಗಳಾಗಿದ್ದರೂ ನಾನು ಅವರಿಗೆ ಇಷ್ಟವೋ ಅಲ್ಲವೋ ಎಂದು ತಿಳಿಯಲು ನನ್ನ ಕೈಯಲ್ಲಿದ್ದ ಸಾಕ್ಷಿ ಈ ಎರಡು ಹ್ಞೂಂಕಾರಗಳು ಮಾತ್ರ. ನನ್ನದೋ ಗಾಳಿಯ ಜೊತೆಗೂ ಮಾತಾಡುವ ಜಾತಿ. ನನ್ನ ಅವಸ್ಥೆ ನೀವೇ ಊಹಿಸಿಕೊಳ್ಳಿ.

ಹೀಗಿರುವಾಗ ಒಂದು ಶನಿವಾರ, ಅರ್ಧ ದಿನದ ಕೆಲಸ ಮುಗಿಸಿ ಬಂದವರ ಕೈಯಲ್ಲಿ ಗೋಣಿತುಂಡು ಸುತ್ತಿದ ಒಂದು ಮುಳ್ಳು ಕಡ್ಡಿ. ಲೋಕಲ್ ಟ್ರೈನಿನ ನೂಕಾಟದಲ್ಲಿ ಅದನ್ನು ತಲೆಯ ಮೇಲೆತ್ತಿ ಹಿಡಿದು ತಂದಿದ್ದರಂತೆ, ಮಣಿಕಟ್ಟೆಲ್ಲ ತರಚಿತ್ತು.

"ಎಂತ ಅದು?" ಎಂದೆ.

"ಗುಲಾಬಿ. ಮಾವ್. ಹೈಬ್ರಿಡ್ ಟೀ."

ಈಗ ನೀವು ನಗುತ್ತೀರಿ, ನಗಿ. ನಮ್ಮವರ ಸೋದರಮಾವ ಒಬ್ಬರು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು. ಮಾವ ಎಂದರು, ಟೀ ಎಂದರು. ನಾನು ಮತ್ತೇನು ತಿಳಿಯಬೇಕು? ಓಹೋ, ಮಾವ ಹೋಟೆಲಿನಿಂದ ಕಳಿಸಿದ ಗಿಡ, ಟೀಯ ಚರಟ ಹಾಕಿ ಬೆಳೆಸುವ ಜಾತಿ ಇರಬೇಕು ಎಂದುಕೊಂಡೆ. ಮರುದಿನದಿಂದ ಟೀ ಸೋಸಿದ ಚರಟವನ್ನೆಲ್ಲ ಭಕ್ತಿಯಿಂದ ಬುಡಕ್ಕೆ ಸುರಿದೆ. ಮುಂದಿನ ಭಾನುವಾರ ಮಾವ ಊಟಕ್ಕೆ ಬಂದಾಗ, "ಮಾವ, ನಿಮ್ಮ ಗುಲಾಬಿ ಚಿಗುರಿತು" ಎಂದು ಸಂತೋಷದಿಂದ ಹೇಳಿದೆ.

ಮಾವ ಅನ್ನದ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದರು. "ನನ್ನ ಗುಲಾಬಿಯಾ? ನಾನು ಜನ್ಮದಲ್ಲಿ ಕೊತ್ತಂಬರಿ, ಕರಿಬೇವು ಬಿಟ್ಟು ಬೇರೆ ಸೊಪ್ಪು ಮುಟ್ಟಿದವನಲ್ಲ ಮಾರಾಯ್ತಿ."

ಆಗ ನಮ್ಮವರು ಬಾಯಿ ಬಿಟ್ಟರು. ಮಾವ್ ಎಂದರೆ ಮಾವ ಅಲ್ಲವಂತೆ, ಇಂಗ್ಲಿಷಿನ ಒಂದು ಬಣ್ಣವಂತೆ. ಹೈಬ್ರಿಡ್ ಟೀ ಎಂಬುದು ಗುಲಾಬಿಯ ಒಂದು ಜಾತಿಯಂತೆ, ಅದಕ್ಕೂ ನಮ್ಮ ಚಹಕ್ಕೂ ಸಂಬಂಧವಿಲ್ಲವಂತೆ. ಅವರ ಆಫೀಸಿನ ದೊಡ್ಡ ಸಾಹೇಬರ ಬಂಗಲೆಗೆ ಈ ಗಿಡ ವಿಲಾಯತಿಯಿಂದ ಬಂದಿತ್ತಂತೆ. ಸಾಹೇಬರ ಮಾಲಿ ಅದರ ಒಂದು ಚಿಗುರುಗಣ್ಣು ತೆಗೆದು ಊರಿನ ಕಾಡು ಗುಲಾಬಿಯ ಬುಡಕ್ಕೆ ಕಸಿ ಕಟ್ಟಿ ಇವರಿಗೆ ಕೊಟ್ಟಿದ್ದ. ಒಂದು ಹೂ ಅರಳಿದರೆ ಕೋಣೆಯೆಲ್ಲ ನಿಂಬೆಸಿಪ್ಪೆ ಹಿಂಡಿದಂಥ ಪರಿಮಳವಂತೆ. ಏಳು ತಿಂಗಳಲ್ಲಿ ಅವರು ಒಮ್ಮೆಲೇ ಆಡಿದ ಅತ್ಯಂತ ಉದ್ದದ ಮಾತು ಅದು. ಗುಲಾಬಿಯ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಹುಟ್ಟಿದ್ದು ಆಗಲೇ.

"ಬಣ್ಣ ಅಂದ್ರೆ ಎಂಥ ಬಣ್ಣ ಮಾರಾಯ?" ಎಂದು ಮಾವ ಕೇಳಿದರು.

ನನಗೂ ಅದೇ ಗೊಂದಲ. ನಮ್ಮ ಭಾಷೆಯಲ್ಲಿ ಗುಲಾಬಿ ಎಂದರೆ ಹೂವೂ ಹೌದು, ಬಣ್ಣವೂ ಹೌದು. ಗುಲಾಬಿ ಬಣ್ಣದ್ದಲ್ಲದ ಗುಲಾಬಿಯನ್ನು ಏನೆಂದು ಕರೆಯುವುದು? ನಮ್ಮವರು ಕೈಯಾಡಿಸಿ, ನೇರಳೆಯೂ ಅಲ್ಲ, ಬೂದಿಯೂ ಅಲ್ಲ, ಎರಡರ ನಡುವಿನದು ಎಂದರು. ಮಾವ, "ಬೀಟ್ರೂಟ್ ಪಲ್ಯದ ಪಾತ್ರೆ ತೊಳೆದ ನೀರು?" ಎಂದರು. ನಾನು, "ಪುನರ್ಪುಳಿ ಸಾರಿಗೆ ಮಜ್ಜಿಗೆ ಬಿದ್ದ ಹಾಗೆಯಾ?" ಎಂದೆ. ಚಿಕ್ಕವಳಿದ್ದಾಗ ನಾನು ಅಣ್ಣನ ಬಟ್ಟಲಿನ ಸಾರಿಗೆ ಹಾಗೆ ಮಜ್ಜಿಗೆ ಸುರಿದು, ಅದು ಬಣ್ಣ ಬದಲಾಯಿಸುವುದನ್ನು ನೋಡುತ್ತ ಕೂತು, ಅಜ್ಜಿಯಿಂದ ಬೆನ್ನಿಗೆ ಎರಡು ತಿಂದದ್ದುಂಟು. ಅಜ್ಜಿಗೆ ಬಣ್ಣಗಳೇ ನಾಲ್ಕು: ಕಪ್ಪು, ಬಿಳಿ, ಕೆಂಪು, "ಮತ್ತೊಂದು". ನಮ್ಮವರ ಈ ಗುಲಾಬಿ ಅಜ್ಜಿಯ ಲೆಕ್ಕದಲ್ಲಿ "ಮತ್ತೊಂದು" ಬಣ್ಣದ್ದು.

ನಮ್ಮವರು ನಮ್ಮಿಬ್ಬರ ಉತ್ತರವನ್ನೂ ಒಪ್ಪಲಿಲ್ಲ. ಊಟದ ಎಲೆಯ ಕಡೆ ನೋಡುತ್ತಲೇ, ಮೆಲ್ಲಗೆ, "ಅವತ್ತು ನಿನ್ನದು ಇತ್ತಲ್ಲ, ಆ ಬಣ್ಣ" ಎಂದರು.

"ಯಾವತ್ತು?"

"ನಿಮ್ಮಲ್ಲಿಗೆ ನೋಡ್ಲಿಕ್ಕೆ ಬಂದ ದಿನ."

ಮಾವ ಗಹಗಹಿಸಿ ನಕ್ಕರು. ನಮ್ಮವರ ಕಿವಿ ಕೆಂಪಾಯಿತು. ನನಗೆ ಬಡಿಸುವ ಸೌಟು ಯಾವ ಕೈಯಲ್ಲಿದೆ ಎಂಬುದೇ ಮರೆತುಹೋಯಿತು. ನನ್ನ ಬಗ್ಗೆ, ನನ್ನ ಸೀರೆಯ ಬಗ್ಗೆ, ಈ ಮನುಷ್ಯ ಏಳು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ! ಆ ಸಂತೋಷಕ್ಕೆ ನಾನು ಮಾವನಿಗೆ ಎರಡು ಸಲ ಪಾಯಸ ಬಡಿಸಿದೆ.

ಪಾತ್ರೆ ತೊಳೆಯುವಾಗ ತೊಂದರೆ ಶುರುವಾಯಿತು. ಅವತ್ತು ನಾನು ಉಟ್ಟದ್ದು ಯಾವ ಸೀರೆ? ನೆನಪೇ ಇಲ್ಲ! ಅವತ್ತಿನ ಗಡಿಬಿಡಿಯಲ್ಲಿ ಒಂದು ಉಡಿಸಿ, ಬಿಚ್ಚಿಸಿ, ಇನ್ನೊಂದು ಉಡಿಸಿದ್ದರು. ಕೊನೆಗೆ ಮೈಮೇಲೆ ಉಳಿದದ್ದು ಯಾವುದು? ತಡೆಯಲಾರದೆ ಅಮ್ಮನಿಗೆ ಕಾಗದ ಬರೆದೆ. ಅಮ್ಮನ ಉತ್ತರ ಬಂತು: "ಅವತ್ತು ನೀನು ಉಟ್ಟದ್ದು ನನ್ನ ಎಲೆಹಸಿರು ಪಟ್ಟೆ ಸೀರೆ. ನೀನು ಬರೆದ ಹಾಗಿನ ನೇರಳೆ ಗೀರಳೆ ಸೀರೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಇದನ್ನೆಲ್ಲ ಈಗ ಯಾಕೆ ಕೇಳುತ್ತೀ? ವಿಶೇಷ ಏನಾದರೂ ಉಂಟಾ?"

ವಿಶೇಷ ಇತ್ತು, ಅಮ್ಮ ಅಂದುಕೊಂಡದ್ದಲ್ಲ. ನಮ್ಮವರ ಕಡೆಯವರು ಅವತ್ತು ನಮ್ಮಲ್ಲಿಗೆ ಬರುವ ಮೊದಲು, ಬೆಳಿಗ್ಗೆ, ಪಕ್ಕದ ಊರಿನ ಮೇಷ್ಟ್ರ ಮಗಳನ್ನೂ ನೋಡಿ ಬಂದಿದ್ದರು. ಸಂಬಂಧ ತಂದ ಭಟ್ಟರು ಕಾಫಿ ಕುಡಿಯುತ್ತ ಅದನ್ನು ಬಾಯಿಬಿಟ್ಟಿದ್ದರು. ಹುಡುಗಿ ಹಾಡುತ್ತಾಳೆ, ಆದರೆ ಜಾತಕ ಕೂಡಲಿಲ್ಲ ಎಂದಿದ್ದರು. ಈಗ ಅಮ್ಮನ ಕಾಗದ ಕೈಯಲ್ಲಿ ಹಿಡಿದು ನಿಂತ ನನ್ನ ಕಣ್ಣಿಗೆ ಕಟ್ಟಿದ್ದು ಆ ಹುಡುಗಿ. ಬಿಳಿ ಮೈ, ಮೊಣಕಾಲುದ್ದ ಜಡೆ, ಮೈತುಂಬ ಆ ಹಾಳು ಮಾವ್ ಬಣ್ಣದ ಸೀರೆ. ನಮ್ಮವರ ಮನಸ್ಸಿನಲ್ಲಿ ಉಳಿದದ್ದು ಅವಳು. ಮನೆಗೆ ಬಂದದ್ದು ನಾನು. ಅವರಿಗೆ ನಾವಿಬ್ಬರೂ ಕಲಸಿಹೋಗಿದ್ದೇವೆ.

ಅವರನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ಅವರು ಉತ್ತರ ಕೊಟ್ಟುಬಿಟ್ಟರೆ? ಬೇಡವೇ ಬೇಡ. ನಾನು ಹೂವಿಗಾಗಿ ಕಾಯುವುದೆಂದು ತೀರ್ಮಾನಿಸಿದೆ. ಬಣ್ಣದ ಹೆಸರನ್ನು ನಂಬುವ ಹಾಗಿರಲಿಲ್ಲ. ನಮ್ಮವರು ನೇರಳೆ ಎಂದದ್ದು ನನ್ನ ಕಣ್ಣಿಗೆ ಹಸಿರಿನ ಹತ್ತಿರ ಎಲ್ಲಾದರೂ ಇರಬಹುದು, ಗಂಡಸರಿಗೆ ಸೀರೆಯ ಬಣ್ಣ ಎಲ್ಲಿ ಗೊತ್ತು? ಹೂ ಅರಳಲಿ, ಕಣ್ಣಾರೆ ನೋಡಿದರೆ ಅದು ನನ್ನದೋ ಅವಳದೋ ಎಂದು ಗೊತ್ತಾಗುತ್ತದೆ. ಅಲ್ಲಿಯ ತನಕ ಗಿಡಕ್ಕೆ ಮೂರು ಹೊತ್ತು ಉಪಚಾರ. ಮನಸ್ಸಿನಲ್ಲಿ ಅದಕ್ಕೆ ಶಾಪ.

ಅಷ್ಟರಲ್ಲಿ ಕಂಪನಿಯವರು ನಮ್ಮವರನ್ನು ಎರಡೂವರೆ ತಿಂಗಳ ಕೆಲಸಕ್ಕೆ ಕಲ್ಕತ್ತೆಗೆ ಕಳಿಸಿದರು. ಹೊರಡುವ ಮೊದಲು ನನ್ನನ್ನು ಹಿತ್ತಲಿಗೆ ಕರೆದು, ಬುಡದಲ್ಲಿ ಕಸಿಯ ಗಂಟನ್ನು ಬೆರಳಿಟ್ಟು ತೋರಿಸಿದರು. ನಾನು "ಹ್ಞೂಂ" ಎಂದೆ. ತಲೆಯಲ್ಲಿದ್ದದ್ದು ಸೀರೆ, ಗಂಟು ಎಲ್ಲಿ ಕಾಣಬೇಕು? ತಿಂಗಳು ಕಳೆದ ಮೇಲೆ ಕಲ್ಕತ್ತೆಯಿಂದ ಬಂದ ಮೊದಲ ಕಾಗದದಲ್ಲಿ ನನಗೆ ಎರಡು ಸಾಲು, ಗುಲಾಬಿಗೆ ಆರು. "ಕಸಿಯ ಕೆಳಗೆ ಚಿಗುರು ಬಂದರೆ ಅದು ಕಾಡು ಗುಲಾಬಿ. ಕೂಡಲೇ ಕತ್ತರಿಸಿಬಿಡು. ಬಿಟ್ಟರೆ ಕಸಿಯನ್ನು ಕೊಲ್ಲುತ್ತದೆ" ಎಂದು ಅಡಿಗೆರೆ ಹಾಕಿ ಬರೆದಿದ್ದರು.

ಕಾಗದ ಹಿಡಿದು ಹಿತ್ತಲಿಗೆ ಹೋದೆ. ಗಿಡದಲ್ಲಿ ಎರಡು ಕೊಂಬೆ. ಒಂದು ಬಡಕಲು; ತಾಮ್ರದ ಬಣ್ಣದ ನಾಲ್ಕು ಎಲೆ ಹೊತ್ತು ನೆಲಕ್ಕೆ ವಾಲಿಕೊಂಡಿತ್ತು. ಇನ್ನೊಂದು ಹುಲುಸಾಗಿ, ಹಸಿರಾಗಿ, ಕಾಂಪೌಂಡ್ ಗೋಡೆಯ ಮೇಲಕ್ಕೆ ತಲೆ ಹಾಕಿತ್ತು. ಇವುಗಳಲ್ಲಿ ಕೆಳಗಿನದು ಯಾವುದು, ಮೇಲಿನದು ಯಾವುದು? ಕಣ್ಣಿಗೆ ಕಾಣುವಂತೆ ಕೆಳಗಿದ್ದದ್ದು ಬಡಕಲು. ಕಸಿಯ ಗಂಟೋ, ಗೊಬ್ಬರವಾಗಲಿ ಎಂದು ಆಮೇಲೂ ನಾನೇ ಸುರಿಯುತ್ತ ಬಂದ ಟೀ ಚರಟದಡಿ ಮುಚ್ಚಿಹೋಗಿತ್ತು. ಚರಟ ಸರಿಸಿ ನೋಡಬಹುದಿತ್ತು. ಆ ಬುದ್ಧಿ ಈಗ ಬರುತ್ತದೆ.

ಗೋಡೆಯ ಆಚೆ ಒಬ್ಬ ಸೇಠರ ಬಂಗಲೆ, ಅಲ್ಲಿ ಧೋಂಡು ಎಂಬ ಮಾಲಿ. ಮುದುಕ, ಸಾತಾರಾ ಕಡೆಯವನು. ನನ್ನ ಮರಾಠಿ ಆಗ ಅಂಗೈಯಲ್ಲಿ ಹಿಡಿಯುವಷ್ಟು. 'ಹೀ' ಎಂದರೆ ಇದು, 'ಆಣಿ' ಎಂದರೆ ಮತ್ತು, 'ನಾಹೀ' ಎಂದರೆ ಅಲ್ಲ. ಇವಿಷ್ಟನ್ನು ನಂಬಿ, ಕಲ್ಲಿನ ಮೇಲೆ ನಿಂತು, ಗೋಡೆಯ ಮೇಲಿಂದ ಅವನನ್ನು ಕರೆದೆ. ಹುಲುಸು ಕೊಂಬೆಯ ತುದಿ ಹಿಡಿದು, "ದಾದಾ, ಹೀ ಕಸಿ?" ಎಂದೆ.

ಧೋಂಡು ಮುಖ ಅರಳಿಸಿದ. "ಹೀ? ಛಾನ್ ಆಹೇ ಬಾಯೀ! ಏಕದಮ್ ಛಾನ್!"

ಛಾನ್ ಎಂದರೆ ಚೆಂದ ಎಂದು ಗೊತ್ತಿತ್ತು. ಒಳ್ಳೆಯ ಕಸಿ ಎನ್ನುತ್ತಿದ್ದಾನೆ. ಮತ್ತೆ ಖಾತ್ರಿಗಾಗಿ, ಬಡಕಲನ್ನು ಕೈಯಿಂದ ಎತ್ತಿ ಗೋಡೆಯ ಮೇಲೆ ತೋರಿಸಿ, "ಆಣಿ ಹೀ ಕಸಿ?" ಎಂದೆ.

ಅವನು ಮೂಗು ಮುರಿದ. "ಹೀ ನಾಹೀ. ಹೀ ನಾಹೀ ಬರೀ."

ಮುಗಿಯಿತಲ್ಲ! ಇದು ಕಸಿ, ಅದು ಅಲ್ಲ. ಒಳಗೆ ಹೋಗಿ ರವಕೆ ಹೊಲಿಯುವ ಕತ್ತರಿ ತಂದು, ಆ ಬಡಕಲನ್ನು ಬುಡಮಟ್ಟ ಕತ್ತರಿಸಿ ಹಾಕಿದೆ. ಗಂಡನ ಆಜ್ಞೆ ಪಾಲಿಸಿದ ಹೆಮ್ಮೆಯಲ್ಲಿ ಅವತ್ತು ಒಬ್ಬಳೇ ಕೂತು ಎರಡು ದೋಸೆ ಹೆಚ್ಚು ತಿಂದೆ.

ಎರಡು ದಿನ ಬಿಟ್ಟು ಗೋದಕ್ಕ ಬಂದರು. ಅವರು ಧಾರವಾಡದವರು, ನಮ್ಮ ಪಕ್ಕದ ಬಾಗಿಲು. ಇಪ್ಪತ್ತು ವರ್ಷದಿಂದ ಇದೇ ಊರಿನಲ್ಲಿದ್ದು ಮರಾಠಿಯಲ್ಲಿ ಕನಸು ಕಾಣುವಷ್ಟು ಪಳಗಿದವರು. ಹಿತ್ತಲಲ್ಲಿ ನಿಂತು, "ಏನವಾ, ಆ ಕೆಂಪೆಲಿ ಟೊಂಗಿ ಎಲ್ಲಿ ಹೋತು?" ಎಂದರು.

ನಾನು ಹೆಮ್ಮೆಯಿಂದ ನಡೆದದ್ದನ್ನೆಲ್ಲ ಹೇಳಿದೆ.

"ಮಾಲಿಗೆ ಏನಂತ ಕೇಳಿದಿ?"

"ಇದು ಕಸಿಯಾ ಅಂತ. 'ಹೀ ಕಸಿ?' ಅಂದೆ."

ಗೋದಕ್ಕ ಹಣೆಗೆ ಕೈ ಹೊಡೆದುಕೊಂಡರು. "ಅಯ್ಯ ನಮ್ಮವ್ವಾ! ಮರಾಠ್ಯಾಗ ಕಸಿಗೆ ಕಲಮ್ ಅಂತಾರ. ಕಶೀ ಅಂದ್ರ ಹೆಂಗದ ಅಂತ. ಇದು ಹೆಂಗದ ಅಂತ ನೀ ಕೇಳಿದಿ, ಛಲೋ ಅದ ಅಂತ ಅವ ಹೇಳಿದ. ಅದು ಹೆಂಗದ ಅಂದಿ, ಛಲೋ ಇಲ್ಲ ಅಂದ. ಅವಂದೇನ್ ತಪ್ಪು ಪಾಪ! ಅವಂಗ ಗ್ವಾಡಿ ಮ್ಯಾಲಿಂದ ಬುಡ ಎಲ್ಲಿ ಕಾಣ್ಬೇಕು?" ಎಂದು ನಗತೊಡಗಿದರು. ನಗುನಗುತ್ತ ನನ್ನ ಕಣ್ಣೀರು ಕಂಡು ನಗು ನಿಲ್ಲಿಸಿದರು. "ಯಾಕ ತಂಗಿ, ಒಂದು ಗಿಡಕ್ಕ ಇಷ್ಟು ಅಳೋದೇನು?"

ಆಗ ಸೀರೆಯ ಕಥೆ, ಮೇಷ್ಟ್ರ ಮಗಳ ಕಥೆ ಎಲ್ಲ ಹೊರಗೆ ಬಂತು. ಗೋದಕ್ಕ ಕೇಳಿ, ನನ್ನ ಗಲ್ಲ ಹಿಡಿದು, "ಹಂಗಾರ ಸವತಿ ಗಿಡ ಅಂತ ಬೇಕಂತನ ಕತ್ತರಿಸಿದ್ಯೇನ ಮತ್ತ?" ಎಂದರು. ತಮಾಷೆಗೆ ಅಂದದ್ದು. ನಾನು ಆಣೆ ಹಾಕಿ ಇಲ್ಲ ಎಂದೆ. ಆಣೆ ಹಾಕುವಾಗಲೇ ನನಗೆ ಸಂಶಯ. ಕತ್ತರಿ ಆಡಿಸುವಾಗ ನನಗೆ ಆದದ್ದು ಬರೀ ಆಜ್ಞೆ ಪಾಲಿಸಿದ ಸಂತೋಷವೇನಾ? ಇವತ್ತಿಗೂ ಸರಿಯಾಗಿ ಹೇಳಲಾರೆ.

ಕತ್ತರಿಸಿದ ಕೊಂಬೆಯನ್ನು ಹುಡುಕಿ ತಂದು ಮಣ್ಣಿಗೆ ಚುಚ್ಚಿದೆವು, ಸೆಗಣಿ ಮೆತ್ತಿದೆವು, ಮೇಲೆ ಲೋಟ ಕವುಚಿದೆವು. ನಾಲ್ಕೇ ದಿನಕ್ಕೆ ಎಲೆ ಕಪ್ಪಾಗಿ ಉದುರಿತು. ಇತ್ತ ಹುಲುಸು ಕೊಂಬೆ ಗೋಡೆ ದಾಟಿ ಸೇಠರ ಕಡೆಗೂ ಬಾಗಿತು, ಹೂವನ್ನೂ ಬಿಟ್ಟಿತು. ಹೂವೆಂದರೆ ಗೊಂಚಲು ಗೊಂಚಲು. ಐದೈದು ದಳದ, ಉಗುರಗಲದ ಬಿಳಿ ಹೂಗಳು. ಮೂಗು ಒಳಗಿಟ್ಟು ಎಳೆದರೂ ಹಸಿ ಎಲೆಯ ವಾಸನೆ ಮಾತ್ರ. ಧೋಂಡು ಆಚೆಯಿಂದ "ಛಾನ್, ಛಾನ್" ಎನ್ನುತ್ತಿದ್ದ. ಕಲ್ಕತ್ತೆಯ ಕಾಗದಗಳಿಗೆ ನಾನು "ಗಿಡ ಚೆನ್ನಾಗಿದೆ" ಎಂದು ಉತ್ತರ ಬರೆಯುತ್ತಿದ್ದೆ. ಸುಳ್ಳೇನೂ ಅಲ್ಲ ನೋಡಿ. ಗಿಡ ಚೆನ್ನಾಗಿಯೇ ಇತ್ತು.

ಫಾಲ್ಗುಣದ ಒಂದು ಬೆಳಿಗ್ಗೆ ನಮ್ಮವರು ಬಂದರು. ಟ್ರಂಕು ಇಳಿಸಿದವರೇ, ಕಾಲು ಕೂಡ ತೊಳೆಯದೆ ಹಿತ್ತಲಿಗೆ ನಡೆದರು. ನಾನು ಕಾಫಿ ಲೋಟ ಹಿಡಿದು ಹಿಂದೆ ಹೋದೆ. ಅವರು ಬಿಳಿ ಹೂಗಳನ್ನು ನೋಡಿದರು. ಕುಕ್ಕರುಗಾಲಲ್ಲಿ ಕೂತು, ಬೆರಳಿಂದ ಚರಟ ಕೆರೆದರು. ಕಸಿಯ ಗಂಟು ಕಂಡಿತು, ಅದರ ಮೇಲೆ ನನ್ನ ಕತ್ತರಿಯ ಗಾಯವೂ ಕಂಡಿತು.

"ಇದನ್ನು ಕತ್ತರಿಸಿದ್ದು ಯಾರು?" ಎಂದರು. ಸಿಟ್ಟೇನೂ ಇರಲಿಲ್ಲ.

ಬೈದಿದ್ದರೆ ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಬೈಯಲಿಲ್ಲ, ಹಾಗಾಗಿ ನನ್ನ ಬಾಯಿ ಒಡೆಯಿತು. "ನಾನೇ! ಕಸಿ ಯಾವುದು ಅಂತ ಗೊತ್ತಾಗ್ಲಿಲ್ಲ, ಕತ್ತರಿಸಿದೆ. ಗೊತ್ತಾಗಿದ್ರೂ ಕತ್ತರಿಸ್ತಿದ್ದೆನೋ ಏನೋ! ಅಷ್ಟು ಆ ಬಣ್ಣ ಬೇಕಿದ್ರೆ ನೀವು ಆ ಮೇಷ್ಟ್ರ ಮಗಳನ್ನೇ ಮದುವೆ ಆಗ್ಬೇಕಿತ್ತು!"

ಅವರು ಕೂತಲ್ಲಿಂದಲೇ ಕತ್ತೆತ್ತಿದರು. "ಯಾವ ಮೇಷ್ಟ್ರ ಮಗಳು?"

"ಮಾವ್ ಸೀರೆ ಉಟ್ಟವಳು. ನಾನು ಅವತ್ತು ಉಟ್ಟದ್ದು ಹಸಿರು. ಅಮ್ಮ ಬರೆದಿದ್ದಾಳೆ, ಬೇಕಾದ್ರೆ ಕಾಗದ ತೋರಿಸ್ತೇನೆ."

"ಸೀರೆಯಾ?" ಎಂದರು. ಅವರ ಮುಖದಲ್ಲಿ ನನಗಿಂತ ಹೆಚ್ಚು ಗೊಂದಲ. ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಹೇಳಿದರು. "ಸೀರೆ ನೋಡ್ಲಿಕ್ಕೆ ನಾನು ತಲೆ ಎತ್ತಿದ್ರೆ ಅಲ್ವಾ? ಎದುರು ನಿನ್ನ ಅಪ್ಪ ಕೂತಿದ್ರು. ಬದಿಯಲ್ಲಿ ಮಾವ. ನೀನು ಕಾಫಿ ತಂದಾಗ ನನಗೆ ಕಂಡದ್ದು ನಿನ್ನ ಕಾಲು ಮಾತ್ರ. ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದಿ. ಗಾಯಕ್ಕೆ ಹಚ್ಚುವ ನೀಲಿ ಮದ್ದು ಇಳಿದು, ನೀರು ಬಿದ್ದು ಬಿದ್ದು, ಆ ಬಟ್ಟೆ ಒಂದು ಬಣ್ಣಕ್ಕೆ ಬಂದಿತ್ತು. ಅದೇ ಬಣ್ಣ."

ನನಗೆ ಮರೆತೇಹೋಗಿತ್ತು. ಅವರು ನೋಡಲು ಬರುವ ಮೂರು ದಿನ ಮೊದಲು ಬಾವಿಕಟ್ಟೆಯ ಕಲ್ಲಿಗೆ ಎಡವಿ ಉಗುರು ಎದ್ದುಹೋಗಿತ್ತು. ಹುಡುಗಿ ಕುಂಟಿ ಎಂದುಕೊಂಡಾರು, ಹಲ್ಲು ಕಚ್ಚಿ ನೆಟ್ಟಗೆ ನಡಿ ಎಂದು ಅಮ್ಮ ಗದರಿಸಿದ್ದಳು. ಅಮ್ಮನ ಹಳೆಯ ಬಿಳಿ ಸೀರೆಯ ಅಂಚು ಹರಿದು ಕಟ್ಟಿದ ಪಟ್ಟಿ ಅದು.

"ಅಷ್ಟನ್ನೇ ನೋಡಿ ಒಪ್ಪಿದ್ರಾ?" ಎಂದೆ.

"ಉಗುರು ಹೋದ್ರೆ ಎಷ್ಟು ನೋವು ಅಂತ ನನಗೆ ಗೊತ್ತುಂಟು. ನೀನು ಕುಂಟ್ಲಿಲ್ಲ. ಕಾಫಿ ಒಂದು ಹನಿ ಚೆಲ್ಲಲಿಲ್ಲ."

ಮೂರು ತಿಂಗಳು ಒಳಗೊಳಗೇ ಕುದಿದು, ಗೋದಕ್ಕನ ಮುಂದೆ ಅತ್ತು, ಒಂದು ವಿಲಾಯತಿ ಗಿಡದ ಪ್ರಾಣ ತೆಗೆದು, ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನದೇ ಕಾಲಿನ ಹೆಬ್ಬೆರಳಿನ ಮೇಲೆ! ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡುತ್ತ ನಿಂತೆ. ಲೋಟದ ಕಾಫಿ ಅರ್ಧ ನೆಲಕ್ಕೆ ಹೋಯಿತು.

ಅವರು ಎದ್ದು ನಿಲ್ಲಲಿಲ್ಲ. ಗಿಡದ ಬುಡ ಬಿಟ್ಟು ನನ್ನ ಕಡೆಗೆ ತಿರುಗಿ, ಮಣ್ಣು ಮೆತ್ತಿದ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡು, ಆ ದಿನದಿಂದ ಕೇಳಬೇಕೆಂದಿದ್ದವರಂತೆ ಕೇಳಿದರು:

"ಅದು ಗುಣ ಆಯ್ತಾ?"

ಸೀರೆಯ ನಿರಿಗೆ ಸ್ವಲ್ಪ ಎತ್ತಿ, ಕಾಲು ಮುಂದಿಟ್ಟು ತೋರಿಸಿದೆ.